ಕೆಂಪು ತಂತಿ, ಕಪ್ಪು ತಂತಿ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಎದುರುಮನೆಯ ಗೇಟು ಕೂಡ ಕಾಣುತ್ತಿರಲಿಲ್ಲ. ಬಾಗಿಲ ಮುಂದೆ ನಿಂತಿದ್ದ ಪಿಕಪ್ಪಿನ ಟಾರ್ಪಾಲಿನಿಂದ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಡ್ರೈವರ್ ಕಡೆಯ ಬಾಗಿಲಿನಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಉಳಿದದ್ದೆಲ್ಲ ಡ್ಯಾಶ್‌ಬೋರ್ಡಿನ ಕೆಳಗಿತ್ತು.

"ಕಾಲು ನೋಡಿದ್ರೆ ನಮ್ಮನೆಯವರದೇ ಅನ್ಸುತ್ತೆ," ಎಂದಳು ಕಾಫಿ ಹಿಡಿದು ಬಂದ ಹೆಂಡತಿ. "ತಲೆ ಇದೆಯಾ, ಇಲ್ಲಾ ಅದನ್ನೂ ಬಿಚ್ಚಿ ಇಟ್ಟಿದ್ದೀರಾ?"

ಟಾರ್ಚು ಕಚ್ಚಿಕೊಂಡಿದ್ದ ಬಾಯಿಂದ ಬರೀ "ಹ್ಞೂಂ" ಎಂಬ ಸದ್ದು ಬಂತು. ಅವಳು ಲೋಟವನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು.

ಟೆಲಿಫೋನ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷ ಕಳೆದರೂ ಬೀದಿಯಲ್ಲಿ ಅವರಿಗೆ ಲೈನ್‌ಮನ್ ಎಂದೇ ಹೆಸರು. ಪಿಕಪ್ಪು ಮಗಳದು. ಲಾಂಡ್ರಿಯಲ್ಲಿ ಒಗೆದು ಮಡಿಸಿದ ಹೊದಿಕೆಗಳನ್ನು ದಿನಾ ಬೆಳಿಗ್ಗೆ ಏಳೂವರೆಯೊಳಗೆ ಆಸ್ಪತ್ರೆಗೆ ಮುಟ್ಟಿಸುವುದು ಅವಳ ಕೆಲಸ. ಆ ಕೆಲಸ ಹಿಡಿದು ಎರಡೇ ತಿಂಗಳಾಗಿತ್ತು. ಹಿಂದಿನ ವಾರ ಟೈರು ಪಂಚರಾಗಿ ತಡವಾದಾಗ, ಇನ್ನೊಮ್ಮೆ ಹೀಗಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆಂದು ಆಸ್ಪತ್ರೆಯವರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ದಾರಿಯುದ್ದ ಕೇಳುವುದಕ್ಕೆಂದು ಅವಳು ಪೇಟೆಯಲ್ಲಿ ಒಂದು ಮ್ಯೂಸಿಕ್ ಸೆಟ್ಟು, ಎರಡು ಸ್ಪೀಕರು ಕೊಂಡಿದ್ದಳು. ಕೂರಿಸುವುದನ್ನು ಅಂಗಡಿಯವನಿಗೇ ಬಿಡುವವಳಿದ್ದಳು. ಲೈನ್‌ಮನ್ ಬಿಡಲಿಲ್ಲ. "ಮೂವತ್ತೆರಡು ವರ್ಷ ತಂತಿ ಜೊತೆ ಸಂಸಾರ ಮಾಡಿದ್ದೀನಿ. ನಾಲ್ಕು ತಂತಿ ಸೇರಿಸೋಕೆ ಅವನ ಮುಂದೆ ಹೋಗಿ ನಿಲ್ಲಬೇಕಾ?" ಎಂದಿದ್ದರು. ಮಗಳು ನಕ್ಕು ಒಪ್ಪಿದ್ದಳು. ಬಹಳ ದಿನಗಳ ಮೇಲೆ ಯಾರೋ ತಮ್ಮ ಕೈಗೆ ಕೆಲಸ ಕೊಟ್ಟರೆಂದು ಅವರ ಜೀವ ತಂಪಾಗಿತ್ತು.

ಹಿಂದಿನ ದಿನವೇ ಬಾಗಿಲುಗಳ ಹಲಗೆ ಬಿಚ್ಚಿ ಸ್ಪೀಕರು ಕೂರಿಸಿದ್ದರು. ಕಿಟಕಿಯ ಗಾಜು ಇಳಿದಾಗ ತಾಗುತ್ತದೆಯೇ ಎಂದು ನಾಲ್ಕು ಸಲ ಇಳಿಸಿ ಏರಿಸಿ ನೋಡಿದ್ದರು. ಈಗ ಉಳಿದಿದ್ದದ್ದು ಕರೆಂಟು ಕೊಡುವ ತಂತಿಗಳಷ್ಟೇ. ಸಿಪ್ಪೆ ಸುಲಿದು, ತಿರುಚಿ, ಟೇಪು ಸುತ್ತಿ, ಒಂದನ್ನು ಸ್ಕ್ರೂ ಹಾಕಿ ಗಾಡಿಯ ತಗಡಿಗೆ ಬಿಗಿದರು. ಎದ್ದು ಕೂತು ಕೀಲಿ ತಿರುಗಿಸಿದರು.

ಒಳಗೆಲ್ಲೋ "ಟಿಕ್" ಎಂದಿತು, ಅಷ್ಟೆ. ಸೆಟ್ಟಿನಲ್ಲಿ ದೀಪ ಬರಲಿಲ್ಲ.

ಮಗಳು ಜಡೆ ಹೆಣೆದುಕೊಳ್ಳುತ್ತಲೇ ಬಂದಳು. "ಆಯ್ತಾ ಅಪ್ಪ? ಸರಿ, ಈ ಕಡೆ ಬಾ. ಮಂಜು ಬೇರೆ, ನಿಧಾನಕ್ಕೆ ಹೋಗಬೇಕು." ಹತ್ತಿ ಕೂತು ಕೀಲಿ ತಿರುಗಿಸಿದಳು. ಇಂಜಿನ್ನು ಗುರುಗುಟ್ಟಿತೇ ಹೊರತು ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದಳು. ಮತ್ತೂ ಅದೇ.

"ಏನಪ್ಪ ಮಾಡಿದೆ?"

ಗೊತ್ತಿಲ್ಲ ಎನ್ನುವ ಬದಲು ಲೈನ್‌ಮನ್ನರ ಬಾಯಿ ಬೇರೇನೋ ಹೇಳಿಬಿಟ್ಟಿತು. "ನಾನೇನು ಮಾಡಿದೆ? ಸೆಟ್ಟೇ ಸರಿಯಿಲ್ಲ. ಒಳಗೇ ಶಾರ್ಟ್ ಇದೆ. ಕೆಟ್ಟಿದ್ದನ್ನ ನಿನ್ನ ತಲೆಗೆ ಕಟ್ಟಿದ್ದಾನೆ ಅವನು."

ಅವಳು ಅಲ್ಲೇ ಅಂಗಡಿಯವನಿಗೆ ಫೋನ್ ಹಚ್ಚಿದಳು. ನಿದ್ದೆಗಣ್ಣಿನಲ್ಲಿದ್ದವನಿಗೆ ಉಸಿರಾಡಲೂ ಬಿಡಲಿಲ್ಲ. "ನಂಬಿ ಬಂದವರಿಗೆ ಹೀಗಾ ಮಾಡೋದು? ಒಳಗೇ ಕೆಟ್ಟಿರೋದನ್ನ ಮಾರಿದ್ದೀರಲ್ಲ, ನಾಚಿಕೆ ಆಗಲ್ವಾ? ನನ್ನ ಅನ್ನ ಹೋಗುತ್ತೆ ಇವತ್ತು!" ಆ ಕಡೆಯಿಂದ, "ಅಕ್ಕ, ಸಿಟ್ಟಾಗಬೇಡಿ, ಬೇರೆ ಸೆಟ್ ತಗೊಂಡು ಈಗಲೇ ಬರ್ತೀನಿ," ಎಂಬ ದನಿ ಲೈನ್‌ಮನ್ನರಿಗೂ ಕೇಳಿಸಿತು. ಆಮೇಲೆ ಅವಳು, ಪಕ್ಕದ ಬೀದಿಯಲ್ಲಿ ಬಾಡಿಗೆ ಗಾಡಿ ಸಿಗುತ್ತದೆಯೋ ನೋಡಲು ಮಂಜಿನೊಳಗೆ ಓಡಿದಳು.

ಒಬ್ಬರೇ ಉಳಿದ ಲೈನ್‌ಮನ್ ದೇವರೇ ಎಂದು ಮತ್ತೆ ಅಂಗಾತ ಮಲಗಿ ಟಾರ್ಚು ಬಿಟ್ಟರು. ತಗಡಿಗೆ ಬಿಗಿದಿದ್ದ ತಂತಿಯ ಮೇಲೆ ಬೆಳಕು ಬಿತ್ತು. ಕೆಂಪು.

ಒಂದು ಗಳಿಗೆ ಅವರ ಕಣ್ಣು ಅದರಲ್ಲಿ ತಪ್ಪು ಕಾಣಲೇ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ದೊಡ್ಡ ಬ್ಯಾಟರಿಗಳಲ್ಲಿ ಭೂಮಿಗೆ ಕೊಡುವುದು ಪ್ಲಸ್ಸನ್ನೇ. ಮೂವತ್ತೆರಡು ವರ್ಷ ಅವರು ಬದುಕಿದ ಲೋಕದ ನಿಯಮ ಅದು. ಗಾಡಿಯಲ್ಲಿ ಅದು ತಲೆಕೆಳಗು, ತಗಡಿಗೆ ಹೋಗಬೇಕಾದ್ದು ಮೈನಸ್ಸಿನ ಕಪ್ಪು ತಂತಿ. ಅದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ತಾನು ಹಳೇ ಕೆಲಸಕ್ಕೆ ಹೋಗಿಬಂದಿತ್ತು.

ತಂತಿಗಳನ್ನು ಅದಲುಬದಲು ಮಾಡಿದರು. ಫ್ಯೂಸಿನ ಡಬ್ಬಿ ತೆಗೆದರು. ಸೆಟ್ಟಿಗೆ ಕರೆಂಟು ಎಳೆದುಕೊಂಡಿದ್ದ ಫ್ಯೂಸೇ ಇಂಜಿನ್ನಿಗೆ ಡೀಸೆಲ್ ಬಿಡುವ ವಾಲ್ವಿನದೂ ಆಗಿತ್ತು. ಅದು ಸುಟ್ಟಿತ್ತು. ಸೆಟ್ಟಿನ ಬೆನ್ನಿನಲ್ಲಿದ್ದ ಸಣ್ಣ ಫ್ಯೂಸೂ ಸುಟ್ಟಿತ್ತು. ಡಬ್ಬಿಯ ಮುಚ್ಚಳದ ಒಳಗೆ ಸ್ಪೇರ್ ಇದ್ದವು. ಎರಡನ್ನೂ ಒತ್ತಿ ಕೂರಿಸಿ, ಕಣ್ಣು ಮುಚ್ಚಿ ಕೀಲಿ ತಿರುಗಿಸಿದರು.

ಇಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. ಸೆಟ್ಟಿನಲ್ಲಿ ನೀಲಿ ದೀಪ ಬಂತು, ಎರಡೂ ಬಾಗಿಲುಗಳಿಂದ ಯಾರೋ ಗಟ್ಟಿಯಾಗಿ ಹಾಡತೊಡಗಿದರು. ಲೈನ್‌ಮನ್ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟರು. ಇಡೀ ಮೈಯೇ ಹಗುರಾಗಿತ್ತು.

ಸದ್ದು ಕೇಳಿ ಮಗಳು ಓಡಿಬಂದಳು. "ಅಯ್ಯೋ ಅಪ್ಪ, ಜೀವ ಬಂತು ನೋಡು! ಹೇಗೆ ಸರಿ ಮಾಡಿದೆ?"

"ಆಯ್ತು ಬಿಡು," ಎಂದು ಅವರು ಇಳಿದರು.

"ಕೆಟ್ಟ ಸೆಟ್ಟನ್ನೂ ಹಾಡಿಸಿಬಿಟ್ಟೆಯಲ್ಲ! ಆ ಮನುಷ್ಯ ಬರಲಿ, ಇದೆ ಅವನಿಗೆ."

ಮಾತು ಮುಗಿಯುವುದರೊಳಗೆ ಮಂಜಿನಿಂದ ಒಂದು ಸ್ಕೂಟರು ಹೊರಬಂತು. ಸ್ವೆಟರನ್ನು ಒಳಮೈ ಹೊರಮಾಡಿ ಹಾಕಿಕೊಂಡಿದ್ದ ಅಂಗಡಿಯವನು ಇಳಿದವನೇ ಹೊಸ ಸೆಟ್ಟಿನ ಪೆಟ್ಟಿಗೆಯನ್ನು ಲೈನ್‌ಮನ್ನರ ಕೈಗಿತ್ತ. "ತಪ್ಪಾಯ್ತು ಯಜಮಾನ್ರೇ. ಹನ್ನೊಂದು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಇದನ್ನ ಇಟ್ಕೊಳ್ಳಿ, ಅದನ್ನ ನಾನು ಬಿಚ್ಚಿಕೊಂಡು ಹೋಗ್ತೀನಿ."

ಮಾಡದ ತಪ್ಪಿಗೆ ಆ ಮನುಷ್ಯ ತಲೆ ತಗ್ಗಿಸಿ ನಿಂತಿದ್ದ. ಲೈನ್‌ಮನ್ ಸುಮ್ಮನಿದ್ದಿದ್ದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಗಳ ಕಣ್ಣಿನಲ್ಲಿ ಅವರು ಇನ್ನೂ ತಂತಿಯ ರಾಜರಾಗಿಯೇ ಉಳಿಯುತ್ತಿದ್ದರು.

"ಮಗಳೇ, ಆ ಹಾಡು ಸ್ವಲ್ಪ ನಿಲ್ಲಿಸು," ಎಂದರು. ಅವಳು ನಿಲ್ಲಿಸಿದಳು. "ಇವರ ಸೆಟ್ಟು ಸರಿಯಾಗೇ ಇತ್ತು. ಕೆಂಪು ತಂತೀನ ತಗಡಿಗೆ ಬಿಗಿದಿದ್ದು ನಾನು. ಫ್ಯೂಸ್ ಸುಟ್ಟಿದ್ದು ಅದಕ್ಕೇ. ನಿನ್ನ ಬಾಯಿಂದ ಇವರನ್ನ ಬೈಸಿದ್ದೂ ನಾನೇ."

ಮಗಳು ಅಪ್ಪನನ್ನು ನೋಡಿದಳು. ಅಂಗಡಿಯವನು ತಲೆಯೆತ್ತಿ ಕೇಳಿದ, "ಯಜಮಾನ್ರೇ, ನೀವು ಟೆಲಿಫೋನ್‌ನವರಾ?"

"ಹೌದು."

"ಅದಕ್ಕೇ! ನಮ್ಮ ಚಿಕ್ಕಪ್ಪನೂ ಅಲ್ಲೇ ಇದ್ದದ್ದು. ರಿಟೈರಾದ ಮೇಲೆ ನಮ್ಮ ಟ್ರಾಕ್ಟರನ್ನ ಮೂರು ಸಲ ಸುಟ್ಟರು."

ಮಗಳಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಅವಳ ಕಣ್ಣು ಒದ್ದೆಯಾಯಿತು. "ಅಣ್ಣ, ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಿ."

"ಹೋಗಿ ಅಕ್ಕ, ಹೊತ್ತಾಗುತ್ತೆ."

"ಇನ್ನೂ ಟೈಮಿದೆ," ಎಂದು ಅವಳು ಹತ್ತಿ ಕೂತು ಗೇರು ಹಾಕಿದಳು. "ಅಪ್ಪ, ಸಾಯಂಕಾಲ ಹಿಂದಿನ ಲೈಟೊಂದು ನೋಡಬೇಕು. ಉರೀತಿಲ್ಲ."

ಪಿಕಪ್ಪು ಮಂಜಿನೊಳಗೆ ಇಳಿದುಹೋಯಿತು. ಹಾಡು ಮತ್ತೆ ಶುರುವಾದದ್ದು ತಿರುವಿನವರೆಗೂ ಕೇಳಿಸಿತು. ಕೈಯಲ್ಲಿದ್ದ ಪೆಟ್ಟಿಗೆಯ ಮೇಲೆ ಸಣ್ಣ ಸಣ್ಣ ಹನಿಗಳು ಕೂತಿದ್ದವು. ಲೈನ್‌ಮನ್ ಅವನ್ನು ಅಂಗಿಯ ತೋಳಿನಿಂದ ಒರೆಸಿ, ಎರಡೂ ಕೈಗಳಿಂದ ಅಂಗಡಿಯವನ ಕೈಗೆ ಕೊಟ್ಟರು.