ಬಲೆ ಉಮಾನಾಥ ಯಾಕೆ ಅಷ್ಟು ಫೇಮಸ್ ಆದ?

"ಉಮಾನಾಥ ಸತ್ತನಂತೆ ಮಾರಾಯ್ತಿ! ಬಲೆ ಉಮಾನಾಥ!"

"ಹೋಗಾ! ಅವ ಇಷ್ಟು ದಿನ ಬದುಕಿದ್ನಾ?"

ಹೀಗೆ ಶುರು ಮಾಡ್ಬಹುದಾ? ಮೊದಲು ಸಮುದ್ರದ ಬಗ್ಗೆ ನಾಲ್ಕು ಸಾಲು ಟೈಪ್ ಮಾಡಿದ್ದೆ. ಅಳಿಸಿದೆ. ನಮ್ಮ ಕಡೆಯ ಕಥೆಗೆ ಸಮುದ್ರ ಕರೆಯದೇ ಬರ್ತದೆ. (ಇದಕ್ಕೂ ಬರ್ತದೆ. ಸಾರಿ.)

ಮಾತಾಡಿದವರಲ್ಲಿ ಮೊದಲಿನವ ಪ್ರತೀಕ್. ಎರಡನೆಯವಳು ತನ್ವಿ, ಕಾರ್ಕಳದವಳು, ಮಣಿಪಾಲದಲ್ಲಿ ಓದುವುದು. ಉಮಾನಾಥನ ಎಂಬತ್ತರ ದಶಕದ ಹಾಡಿಗೆ ರೀಲ್ ಮಾಡಿ, ಇಡೀ ಕರ್ನಾಟಕ ಮತ್ತೆ "ಬಲೆ... ಬಲೆ... ಬಲೆಕ್ಕ್" ಅಂತ ಕುಣಿಯುವ ಹಾಗೆ ಮಾಡಿದ್ದು ಇವರಿಬ್ಬರೇ.

೧. ಫೇಮಸ್ ಆದದ್ದು ಯಾಕೆ?

ಹಳದಿ ರೈನ್‌ಕೋಟ್. ಮಂಡೆ ಮೇಲೆ ಕೂಲಿಂಗ್ ಗ್ಲಾಸ್. ಬಲೆ ಬೀಸಿದ ಹಾಗೆ ಕೈ ಬೀಸುವ ಡ್ಯಾನ್ಸ್. ಮತ್ತೆ ಕೊನೆಗೆ 'ಕ್ಕ್' ಅನ್ನುವ ಆ ಬಿಕ್ಕಳಿಕೆ. ಇಷ್ಟೇ ಅಂತ ತನ್ವಿಗೂ ಅನಿಸಿತ್ತು. ಪೋಸ್ಟ್ ಹಾಕಿದಳು: "ಲೆಜೆಂಡ್‌ಗೆ ಲಾಸ್ಟ್ ಸೆಲ್ಯೂಟ್! ಮಗ ದುಬೈಯಿಂದ ಬರ್ಬೇಕು, ಹಾಗೆ ನಾಳೆ ಎರ್ಮಾಳಿನಲ್ಲಿ ದಹನ. ಎಲ್ಲರೂ ಬಲೆ ತನ್ನಿ, ಒಟ್ಟಿಗೆ ಕುಣಿಯುವ." ಮಧ್ಯಾಹ್ನದೊಳಗೆ ಟ್ರೋಲ್ ಪೇಜುಗಳೆಲ್ಲ ಶೇರ್ ಮಾಡಿದುವು. ಹುಬ್ಬಳ್ಳಿಯಿಂದ ಒಂದು ಗ್ಯಾಂಗ್ ಬಸ್ಸೂ ಹತ್ತಿತು.

೨. (ಇಲ್ಲಿ ಉಮಾನಾಥನ ಬಾಲ್ಯ ಇತ್ತು. ಬೋರ್. ಡಿಲೀಟ್.)

೩. ಸಂಜೆ ತನ್ವಿ ಎರ್ಮಾಳಿಗೆ ಹೋದಳು, ಮನೆಯವರದ್ದು ಒಂದು ಬೈಟ್ ತಗೊಳ್ಳುವ ಅಂತ. ಚಾವಡಿಯಲ್ಲಿ ಕೂತಿದ್ದದ್ದು ಉಮಾನಾಥನ ಅತ್ತಿಗೆ, ಕುಶಲಕ್ಕ.

"ನೀನಾ, ಬಲೆ ತನ್ನಿ ಅಂದವಳು?"

(ಮಾತೆಲ್ಲ ತುಳುವಿನಲ್ಲಿ ಆದದ್ದು. ನಿಮಗೋಸ್ಕರ ಕನ್ನಡ ಮಾಡಿದ್ದೇನೆ, ಒಂದು ಶಬ್ದ ಬಿಟ್ಟು.)

"ಹೌದಮ್ಮ. ಮೀನುಗಾರರ ಹಾಡಲ್ವಾ, ಹಾಗೆ..."

"ಮನೆಗೆ ದೊಡ್ಡವರು ಬಂದ್ರೆ ನೀನು ಎಂತ ಹೇಳ್ತಿ?"

"ಬಲೆ..." ಅಂದಳು ತನ್ವಿ.

ಬಲ ಅಂದ್ರೆ ಬಾ, ಬಲೆ ಅಂದ್ರೆ ಬನ್ನಿ. ಮೀನಿನ ಬಲೆಗೂ ತುಳುವಿನಲ್ಲಿ ಬಲೆಯೇ. ಹುಟ್ಟಿದಲ್ಲಿಂದ ಎರಡನ್ನೂ ಹೇಳಿದವಳು, ಹಾಡಿನಲ್ಲಿ ಒಂದನ್ನೇ ಕೇಳಿದ್ದಳು.

"ಅತ್ತೆ ಕರೆದಿದ್ರೆ 'ಬಲ' ಅಂತಿದ್ರು, ಮಗ ಅಲ್ವಾ? ನಾನು ಹೆಂಡತಿ. ಗಂಡನನ್ನು ಹಾಗೆ ಕರೀಲಿಕ್ಕುಂಟಾ? ಇವರು ಮೀನಿಗೆ ಹೋದ ದೋಣಿಯ ಹಲಗೆ ಒಂದು ಕಾಪು ಕಡೆ ಸಿಕ್ಕಿತು. ಜನ ಸಿಗಲಿಲ್ಲ. ನಾನು ಸಮುದ್ರದ ಎದುರು ನಿಂತು ಕರೆದೆ, ಸ್ವರ ಬೀಳುವ ತನಕ. ಆಮೇಲೆ ಬರೀ ಆ 'ಕ್ಕ್' ಬಂತು. ಉಮಾನಾಥ ಪಕ್ಕದಲ್ಲೇ ಇದ್ದ, ಇವರ ತಮ್ಮ."

ಇವರು ಅಂದ್ರೆ ಗಂಡ, ತಾರಾನಾಥ. ಕುಶಲಕ್ಕ ಹೆಸರು ಹೇಳ್ಲಿಲ್ಲ, ನಾನು ಹೇಳಿದೆ.

(ಇಲ್ಲಿ ಕುಶಲಕ್ಕ ಅತ್ತರು ಅಂತ ಬರೆದೆ. "ನಾನು ಅಳುವುದಿಲ್ಲ, ತೆಗಿ" ಅಂದ್ರು. "ಕಥೆಗೆ ಬೇಕಮ್ಮ" ಅಂದೆ. "ಹಾಗಾದ್ರೆ ನೀನೇ ಅಳು." ತೆಗೆದೆ.)

"ಅದನ್ನು ಹಾಡು ಮಾಡ್ಲಿಕ್ಕೆ ಅವರು ನಿಮ್ಮ ಹತ್ರ ಕೇಳಲೇ ಇಲ್ವಾ?" ತನ್ವಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಾಗ್ಲಿಲ್ಲ.

"ಕೇಳಿದ. ನಾನೇ ಹೂಂ ಅಂದೆ. ರೇಡಿಯೋದಲ್ಲಿ ಬಂದ್ರೆ ಇವರು ಎಲ್ಲಿದ್ರೂ ಕೇಳ್ತದಲ್ಲ? ಗೋವಾದಲ್ಲೋ ರತ್ನಾಗಿರಿಯಲ್ಲೋ ದಡ ಸೇರಿರ್ಬಹುದು. 'ಅತ್ತಿಗೆ, ಸುಮ್ಮನೆ ಕರೆದ್ರೆ ಯಾರೂ ಹಾಕುವುದಿಲ್ಲ, ಜನ ನಗಾಡ್ಬೇಕು' ಅಂದ. ಅದಕ್ಕೇ ಆ ಕೋಟು, ಆ ಕುಣಿತ. ಮದುವೆಯಲ್ಲಿ ಹಾಕಿದ್ರು, ಬಸ್ಸಿನಲ್ಲಿ ಹಾಕಿದ್ರು, ಬೊಂಬಾಯಿ ತನಕ ಹೋಯ್ತು. ಕೇಳದವರೇ ಇಲ್ಲ. ಆದ್ರೂ ಬರಲಿಲ್ಲ. ಆಗ ಗೊತ್ತಾಯ್ತು."

"ಊರಿನವರು?"

"ನನ್ನನ್ನು ಕಂಡ್ರೆ ರೇಡಿಯೋ ಬಂದ್ ಮಾಡ್ತಿದ್ರು." ಕುಶಲಕ್ಕ ಸೆರಗು ಸರಿ ಮಾಡಿಕೊಂಡರು. "ನಾಳೆ ಆ ಹಾಡು ಬೇಡ ಮಗಾ."

ಕೊನೆ, ಅ. ತನ್ವಿ ಪೋಸ್ಟ್ ಡಿಲೀಟ್ ಮಾಡ್ತಾಳೆ, ಜನ ಬರುವುದಿಲ್ಲ. (ಡಿಲೀಟ್ ಮಾಡಿದಳು. ಸ್ಕ್ರೀನ್‌ಶಾಟ್ ಈಗ ಇನ್ನೂ ಜೋರು ಓಡ್ತಾ ಉಂಟು ಅಂತ ಪ್ರತೀಕ್ ಮೆಸೇಜ್.)

ಕೊನೆ, ಆ. ನಿಜ ಹೇಳಿ ವಿಡಿಯೋ ಹಾಕ್ತಾಳೆ. ಎಲ್ಲರೂ ಕಣ್ಣೀರು ಹಾಕ್ತಾರೆ. ಆ ಕಣ್ಣೀರಿಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಯಾವುದು ಅಂತ ನಾನು ಹೇಳ್ಬೇಕಾ?

ಇ. ತಾರಾನಾಥ ಬರ್ತಾರೆ.

(ಬರೆದೆ. ಕುಶಲಕ್ಕನ ಮುಖ ನೋಡಿ ಅಳಿಸಿದೆ.)

ಮತ್ತೆ ಯಾವುದು ಅಂತ ನನ್ನ ಹತ್ರ ಕೇಳ್ಬೇಡಿ. ತನ್ವಿ ಇನ್ನೂ ಚಾವಡಿಯ ಮೆಟ್ಟಿಲಲ್ಲೇ ಕೂತಿದ್ದಾಳೆ, ಎದ್ದು ಹೋಗ್ಲಿಕ್ಕೆ ಆಗ್ತಾ ಇಲ್ಲ.

"ಜನ ಬಂದೇ ಬರ್ತಾರಮ್ಮ. ನನ್ನಿಂದ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ."

"ಗೊತ್ತುಂಟು. ನೀನು ನಾಳೆ ಎಂಟು ಗಂಟೆಗೆ ಬಾ. ಹಾಡು ಶುರುವಾದ ಕೂಡ್ಲೇ ನನ್ನನ್ನು ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕು."

"ಬಾಗಿಲು ಹಾಕಿದ್ರೂ ಕೇಳ್ತದಲ್ಲ?"

"ಕೇಳ್ಲಿ. ಹೊರಗಿದ್ರೆ ನಾನು ಗೇಟಿನ ಕಡೆ ನೋಡ್ತೇನೆ."

"ಎಂಟಕ್ಕೆ ಬರ್ತೇನೆ" ಅಂದಳು ತನ್ವಿ.