ಹಳೆಯ ಕ್ರೀಮಿನ ಹೆಪ್ಪು

ಒಂದು ಚಮಚ ಹಳೆಯ ಕ್ರೀಮು ಹೊಸ ಕ್ರೀಮಿನ ಪಾತ್ರೆಗೆ ಬಿದ್ದ ಸಂಗತಿಯನ್ನು ಸಮಸ್ತ ನಾಗರಿಕರ ಗಮನಕ್ಕೆ ತರುವುದು ನಮ್ಮ ಕರ್ತವ್ಯವಾಗಿದೆ. ಬಿದ್ದದ್ದಲ್ಲ, ಹಾಕಿದ್ದು. ಹಾಕಿದವರು ನಮ್ಮ ಬೀದಿಯ ಹೊಲಿಗೆಯಕ್ಕ.

ಹೊಲಿಗೆಯಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಅಡುಗೆಮನೆಯಲ್ಲಿ ಕ್ರೀಮಿನ ಕಾರ್ಖಾನೆ. ಎಣ್ಣೆಯನ್ನೂ ಮೇಣವನ್ನೂ ಕರಗಿಸಿ, ಲೋಳೆಸರದ ತಿರುಳನ್ನು ನೀರಿನಲ್ಲಿ ಕದಡಿ, ಎರಡೂ ಬೆಚ್ಚಗಿರುವಾಗಲೇ ಸೇರಿಸಿ ಕಡೆಯುತ್ತಿದ್ದರು. ಎಣ್ಣೆ ಮತ್ತು ನೀರು ಜಗಳ ಬಿಟ್ಟು ಬೆಳ್ಳಗೆ ಒಂದಾಗುವವರೆಗೆ ಅವರ ಕೈ ನಿಲ್ಲುತ್ತಿರಲಿಲ್ಲ. ಕೊನೆಗೆ ಹಳೆಯ ಡಬ್ಬಿಯಿಂದ ಒಂದು ಚಮಚ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಾಕಿದರೆ ಹಳೆಯದರ ಗುಣ ಹೊಸದಕ್ಕೂ ಬರುತ್ತದೆ ಎಂಬುದು ಅವರ ಸಿದ್ಧಾಂತ. ಬೀದಿಯ ಹೆಂಗಸರ ಕೈಗಳೆಲ್ಲ ಮೆತ್ತಗಾಗಿದ್ದವು. ಹೊಗಳಿಕೆ ಕೇಳಿ ಕೇಳಿ ಸಿದ್ಧಾಂತ ಗಟ್ಟಿಯಾಗಿತ್ತು.

ಒಪ್ಪದವಳು ಅವರ ನಾದಿನಿ ಒಬ್ಬಳೇ. ಅವಳು ಕ್ರೀಮು, ಶಾಂಪೂ ತಯಾರಿಸುವ ಕಂಪನಿಯ ಮಿಶ್ರಣ ವಿಭಾಗದಲ್ಲಿ ಕೆಲಸಕ್ಕಿದ್ದಳು. ನೀರು ಸೇರಿದ ಕಡೆ ರೋಗಾಣು ಸಂಸಾರ ಹೂಡುತ್ತದೆ, ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಅಳತೆಯಲ್ಲಿ ಹಾಕಲೇಬೇಕು ಎಂದು ಬಂದಾಗಲೆಲ್ಲ ಹೇಳುತ್ತಿದ್ದಳು. ಹೊಲಿಗೆಯಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಉತ್ತರ ಕೊಡುತ್ತಿದ್ದರು.

"ನಿಮ್ಮ ಕಂಪನಿಯವರು ವಿಷ ಹಾಕ್ತಾರೆ, ನಾನು ಹಾಕಲ್ಲ. ಅಷ್ಟೇ ವ್ಯತ್ಯಾಸ ಕಣಮ್ಮ."

"ಉಪ್ಪಿಲ್ಲದ ಉಪ್ಪಿನಕಾಯಿ ಎಷ್ಟು ದಿನ ಇರುತ್ತೆ ಅತ್ತಿಗೆ?"

"ಉಪ್ಪು ತಿನ್ನೋ ವಸ್ತು. ನಿನ್ನ ಕೆಮಿಕಲ್ ಯಾರು ತಿಂತಾರೆ?"

"ಕ್ರೀಮನ್ನೂ ಯಾರೂ ತಿನ್ನಲ್ಲ ಅತ್ತಿಗೆ."

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ನಿಲ್ಲದೆ ಮುಂದುವರಿದದ್ದು ಅತ್ತೆಯ ಹಿಮ್ಮಡಿಯ ಬಿರುಕು.

ಅತ್ತೆಗೆ ಸಕ್ಕರೆ ಕಾಯಿಲೆ. ಒಡೆದ ಹಿಮ್ಮಡಿಗೆ ಸೊಸೆ ಪ್ರೀತಿಯಿಂದಲೇ, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದ ಹಾಗೆ, ದಿನವೂ ಕ್ರೀಮು ಮೆತ್ತುತ್ತಿದ್ದರು. ಒಂದು ಬೆಳಿಗ್ಗೆ ಬಿರುಕಿನ ಸುತ್ತ ಕೆಂಪು ಕಂಡಿತು. ಸಂಜೆಗೆ ಅದು ಅಗಲವಾಯಿತು, ಮುಟ್ಟಿದರೆ ಬಿಸಿ. ಆಸ್ಪತ್ರೆಗೆ ಹೊರಡೋಣ ಎಂದರು ಹೊಲಿಗೆಯಕ್ಕ. ಅತ್ತೆಗೆ ಮಾತ್ರ ಏನೂ ಅನ್ನಿಸಲಿಲ್ಲ. ನೋವೇ ಇಲ್ಲದ ಕಾಲನ್ನು ಹೊತ್ತುಕೊಂಡು ಆಸ್ಪತ್ರೆಗೆ ಯಾಕೆ ಹೋಗಬೇಕು ಎಂದು ಅವರ ಪ್ರಶ್ನೆ.

ಕೆಲಸ ಮುಗಿಸಿ ಬಂದ ನಾದಿನಿ ತಾಯಿಯ ಕಾಲು ನೋಡಿದಳು. ಕೂಡಲೇ ಆಟೋ ಕರೆದಳು.

ಆಸ್ಪತ್ರೆಯ ನರ್ಸ್ ಗಾಯ ತೊಳೆದು, ವೈದ್ಯರು ಬರೆದ ಮಾತ್ರೆ ಕೊಟ್ಟು, ಕೆಂಪಿನ ಅಂಚಿಗೆ ಸುತ್ತಲೂ ಪೆನ್ನಿನಿಂದ ಗೆರೆ ಎಳೆದರು.

"ನೋವಿಲ್ಲ ಅಂತ ಖುಷಿಪಡಬೇಡಿ ಅಮ್ಮ. ಈ ಕಾಯಿಲೇಲಿ ಕಾಲು ಬಾಯಿ ಬಿಟ್ಟು ಹೇಳಲ್ಲ. ಕೆಂಪು ಈ ಗೆರೆ ದಾಟಿದ್ರೆ, ಜ್ವರ ಬಂದ್ರೆ, ತಕ್ಷಣ ಬನ್ನಿ. ತಡ ಮಾಡಿ ಕಾಲು ಕಳ್ಕೊಂಡವರನ್ನ ನೋಡಿದೀನಿ."

ಅತ್ತೆ ಗೆರೆಯನ್ನೇ ನೋಡಿದರು. "ಗೆರೆ ದಾಟಬೇಡ ಅಂತ ಹೇಳಿಸ್ಕೊಂಡೇ ಬೆಳೆದವಳು ನಾನು. ಈ ವಯಸ್ಸಲ್ಲಿ ಕಾಲಿಗೂ ಎಳೆದ್ರಲ್ಲ" ಎಂದರು.

ಇದು ಕ್ರೀಮಿನಿಂದಲೇ ಆಯಿತೇ ಎಂದು ಹೊಲಿಗೆಯಕ್ಕ ಮೆಲ್ಲಗೆ ಕೇಳಿದರು. ಆಣೆ ಮಾಡಿ ಹೇಳಲಾಗದು ಎಂದರು ನರ್ಸ್. ಆದರೆ ಒಡೆದ ಚರ್ಮ ಎಂದರೆ ತೆರೆದ ಬಾಗಿಲು, ಡಬ್ಬಿಯಲ್ಲಿ ಯಾರಿದ್ದಾರೋ ಅವರೆಲ್ಲ ಒಳಗೆ ಹೋಗುತ್ತಾರೆ.

ಮರುದಿನ ಹೊಲಿಗೆಯಕ್ಕ ಎಡತೋಳನ್ನು ಬಲಕ್ಕೆ ಹೊಲಿದರು. ಬಿಚ್ಚಿ, ಮತ್ತೆ ಬಲಕ್ಕೇ ಹೊಲಿದರು. ಗಳಿಗೆಗೊಮ್ಮೆ ಎದ್ದು ಹೋಗಿ ಅತ್ತೆಯ ಹೊದಿಕೆ ಸರಿಸಿ ಗೆರೆ ನೋಡುವುದು. "ಹಾಲು ಉಕ್ಕುತ್ತೆ ಅಂತ ಕಾಯ್ತಿದೀಯೇನೇ?" ಎಂದು ಅತ್ತೆ ಗದರಿಸಿದರು. ಅದರಾಚೆ ದಿನ ಒಂದು ಕಡೆ ಕೆಂಪು ಗೆರೆಯನ್ನು ಮುಟ್ಟಿತು. ಮತ್ತೆ ಆಟೋ, ಮತ್ತೆ ಆಸ್ಪತ್ರೆ. ವೈದ್ಯರು ಔಷಧ ಬದಲಿಸಿ, ಅತ್ತೆಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು.

ಆಸ್ಪತ್ರೆಯ ಬೆಂಚಿನ ಮೇಲೆ ನಾದಿನಿ ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ಮನೆಯ ಕ್ರೀಮನ್ನು ಕಂಪನಿಯ ಪ್ರಯೋಗಾಲಯದಲ್ಲಿ ಕೇಳಿಕೊಂಡು, ರೋಗಾಣು ಬೆಳೆಸುವ ತಟ್ಟೆಗೆ ಸವರಿ ಬೆಚ್ಚಗೆ ಇಡಿಸಿದ್ದಳು. ತಟ್ಟೆಯ ತುಂಬ ಬಿಳಿ, ಹಳದಿ ಚುಕ್ಕೆ. ಪಕ್ಕದ ತಟ್ಟೆಯಲ್ಲಿ ಕಂಪನಿಯ ಕ್ರೀಮು. ಅದರಲ್ಲಿ ಏನೂ ಇರಲಿಲ್ಲ.

"ಅತ್ತಿಗೆ, ನಿಮ್ಮ ಹೆಪ್ಪು ಚೆನ್ನಾಗಿ ಹಿಡಿದಿದೆ."

ವಾಸನೆ ಬಂದಿರಲಿಲ್ಲ, ಬಣ್ಣ ಕೆಟ್ಟಿರಲಿಲ್ಲ ಎಂದರು ಹೊಲಿಗೆಯಕ್ಕ. ಮೊದಮೊದಲು ಬರುವುದಿಲ್ಲ, ಅದೇ ಮೋಸ ಎಂದಳು ನಾದಿನಿ. ಹಳೆಯ ಚಮಚದ ಜೊತೆ ಹಳೆಯ ರೋಗಾಣುವೂ ಪ್ರತಿ ಸಲ ಹೊಸ ಮನೆಗೆ ಬರುತ್ತಿತ್ತು. ಒದ್ದೆ ಬೆರಳು ಅದ್ದಿದವರು ನೆಂಟರನ್ನೂ ಸೇರಿಸಿದರು. ಫ್ರಿಜ್ಜಿನಲ್ಲಿಟ್ಟರೆ ಅವು ನಿಧಾನವಾಗುತ್ತವೆ, ಸಾಯುವುದಿಲ್ಲ. ಪ್ರಿಸರ್ವೇಟಿವ್ ಕಡಿಮೆಯಾದರೆ ಕ್ರೀಮು ಕೆಡುತ್ತದೆ, ಹೆಚ್ಚಾದರೆ ಚರ್ಮ ಉರಿಯುತ್ತದೆ. ಅದಕ್ಕೇ ತಕ್ಕಡಿ, ಅದಕ್ಕೇ ಪರೀಕ್ಷೆ. ಚಿಟಿಕೆಯ ಲೆಕ್ಕ ಅಡುಗೆಗೆ ಸಾಕು.

ಹೊಲಿಗೆಯಕ್ಕ ನೇರವಾಗಿ ಬೀದಿಗೆ ಬಂದು ಮನೆ ಮನೆಯ ಬಾಗಿಲು ತಟ್ಟಿ ಡಬ್ಬಿಗಳನ್ನು ವಾಪಸು ಕೇಳಿದರು. ಮೂಲೆಮನೆಯವರು ಕೊಡಲೊಲ್ಲರು. ತಮಗೇನೂ ಆಗಿಲ್ಲವಲ್ಲ ಎಂದು ಅವರ ವಾದ.

"ನಮ್ಮತ್ತೆಗೂ ಮೊನ್ನೆವರೆಗೂ ಏನೂ ಆಗಿರಲಿಲ್ಲ" ಎಂದರು ಹೊಲಿಗೆಯಕ್ಕ. ಡಬ್ಬಿ ಕೈಗೆ ಬಂತು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಕಪಾಟಿನಲ್ಲೂ ಇಂಥ ಡಬ್ಬಿಯೊಂದು ಇರಬಹುದು. ನೀರೋ ಎಲೆಯ ರಸವೋ ಸೇರಿಸಿ ಮನೆಯಲ್ಲಿ ಮಾಡಿದ ಕ್ರೀಮನ್ನು ಕೂಡಿಡಬೇಡಿ. ಹಳೆಯದನ್ನು ಹೊಸದಕ್ಕೆ ಬೆರೆಸಬೇಡಿ. ಒದ್ದೆ ಬೆರಳು ಅದ್ದಬೇಡಿ. ಅಂಗಡಿಯದಾದರೂ ಗಡುವಿನ ತಾರೀಕು ನೋಡಿ. ಒಡೆದ ಚರ್ಮಕ್ಕೆ, ಗಾಯಕ್ಕೆ, ಮೊದಲು ಆರೋಗ್ಯ ಕೇಂದ್ರದವರನ್ನು ಕೇಳಿ. ಸಕ್ಕರೆ ಕಾಯಿಲೆ ಇದ್ದವರ ಪಾದವನ್ನು ದಿನವೂ ನೋಡಿ, ಅವರು ನೋವಿಲ್ಲ ಎಂದರೂ ನೋಡಿ.

ಅತ್ತೆಯ ಕಾಲಿನ ಕೆಂಪು ಹಿಂದೆ ಸರಿಯಿತು. ಸ್ನಾನದ ನೀರಿಗೆ ಪೆನ್ನಿನ ಗೆರೆ ಅಳಿಸಿಹೋಯಿತು. ಅತ್ತೆಗೆ ಈಗಲೂ ಎರಡು ಕಾಲಿವೆ.