ನಾಲ್ಕೂರಿನ ಕರಾರು

ಖಂಡಪ್ಪ ಹಿಡಿದ ವೀಳ್ಯದ ತಟ್ಟೆ ಜಗದೇವಪ್ಪಗೌಡರ ಎದುರಿಗೆ ಬಂದು ನಿಂತಿತು. ಗೌಡರು ಕೈ ಚಾಚಲಿಲ್ಲ.

"ತಗೋರಿ ಬೀಗ್ರ," ಎಂದ ಖಂಡಪ್ಪ.

"ಮೊದಲನೇದ್ದು ದೌಲತರಾಯರಿಗೆ ಹೋತಲ್ಲ. ತಲಿತಲಿಮಾರಿನಿಂದ ಮೊದಲ ವೀಳ್ಯ ನಮ್ಮ ಬನ್ನಿಕಟ್ಟಿದು. ಈಗ ನಮಗ ಎಂಜಲಾ?"

ಭೀಮೆಯ ಆಚೆ ದಂಡೆಯಲ್ಲಿ, ಖಂಡಪ್ಪನ ಊರಿನ ಮಠದ ಕಟ್ಟೆಯ ಮೇಲೆ ನಾಲ್ಕೂರಿನ ಹಿರಿಯರು ಕೂತಿದ್ದರು. ಸ್ವಾತಂತ್ರ್ಯ ಬಂದು ಆರು ತಿಂಗಳಾಗಿತ್ತು. ಆದರೆ ಬಂದದ್ದು ಆಚೆ ದಂಡೆಗೆ ಮಾತ್ರ. ಈಚೆಯ ಅಫಜಲಪುರ ಸೀಮೆ ಇನ್ನೂ ನಿಜಾಮನದೇ. ಎರಡು ಸರಕಾರಗಳ ಜಗಳದಲ್ಲಿ ಉಪ್ಪು, ಚಿಮಣಿ ಎಣ್ಣೆ ಈಚೆ ಬರುವುದು ನಿಂತಿತ್ತು. ಜೋಳ, ತೊಗರಿ ಆಚೆ ಹೋಗುವುದೂ ನಿಂತಿತ್ತು. ಅದಕ್ಕೇ ಈ ಕರಾರು. ಆಚೆಯ ಎರಡೂರು, ಈಚೆಯ ಬನ್ನಿಕಟ್ಟಿ ಮತ್ತು ದೌಲತರಾಯರ ಊರು ಒಂದು ಕೂಟ. ಪಹರೆ ತಪ್ಪಿಸಿ ಹರಗೋಲಿನಲ್ಲಿ ಆಚೆಯಿಂದ ಉಪ್ಪು, ಈಚೆಯಿಂದ ಕಾಳು. ನಾಲ್ಕೂರಿನ ಯಾವ ಮನೆಯ ಒಲೆಯೂ ಸಪ್ಪೆಯಾಗಬಾರದು. ವೀಳ್ಯ ಹಿಡಿದ ಊರು ಒಳಗೆ, ಹಿಡಿಯದ ಊರು ಹೊರಗೆ. ಹೊರಗಿನವರಿಗೆ ಉಪ್ಪಿನ ಒಂದು ಹರಳೂ ಇಲ್ಲ.

"ಬಲಗಡಿಯಿಂದ ಕೊಟಗೋತ ಬಂದೇನ್ರಿ, ಮತ್ತೇನಿಲ್ಲ," ಖಂಡಪ್ಪ ಬೇಡಿಕೊಂಡ.

"ಅಡಿಕ್ಯಾಗ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ," ಎಂದು ಗೌಡರು ರುಮಾಲು ಸರಿಮಾಡಿಕೊಂಡು ಹೊರಟೇಬಿಟ್ಟರು. ಅವತ್ತು ಬನ್ನಿಕಟ್ಟಿಯಲ್ಲಿ ಅವರನ್ನು ಹೊಗಳದವರಿಲ್ಲ. ಗಾದೆಯೇನೋ ಸರಿ, ಗಾದೆಯನ್ನು ಸಾರಿಗೆ ಹಾಕಲು ಬರುವುದಿಲ್ಲ, ಅಷ್ಟೇ.

ಯುಗಾದಿ ಹೊತ್ತಿಗೆ ಊರಿನ ಉಪ್ಪಿನ ಗಡಿಗೆಗಳೆಲ್ಲ ತಳ ಕಂಡವು. ಹೆಂಗಸರು ಹಳ್ಳದ ಸವುಳು ಮಣ್ಣನ್ನು ನೀರಿಗೆ ಕದಡಿ, ಸೋಸಿ, ಕುದಿಸಿ, ಆ ಕಹಿಯನ್ನೇ ಬೇಳೆಗೆ ಸುರಿದರು. ಮಕ್ಕಳು ಬಾಯಿಗಿಟ್ಟು ಉಗುಳಿದವು. ದೌಲತರಾಯರ ಊರಿನಲ್ಲಿ ಮಾವಿನಕಾಯಿ ಉಪ್ಪಿಗೆ ಹಾಕಿದರಂತೆ ಎಂಬ ಸುದ್ದಿ ಮಾತ್ರ ತಪ್ಪದೆ ಬಂತು. ಗೌಡರಿಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಜಗಳವಾಡಲಾದರೂ ಬರುತ್ತಿತ್ತು. ಅಂದವಳು ಹೆಂಡತಿ ಕಸ್ತೂರಿಬಾಯಿ ಒಬ್ಬಳೇ.

"ಮಾನ ನಿಮ್ದು. ಸಪ್ಪಂದು ಉಣ್ಣಾಕತ್ತವ್ರು ಊರ ಮಂದಿ."

ಆಷಾಢದಲ್ಲಿ ಗೌಡರು ಸೋತರು. ನೆರೆಮನೆಯ ಮಲ್ಲಣ್ಣನನ್ನು ಕರೆದು, "ಹೋಗಿ ತಪ್ಪಾತು ಅಂತೇನಿ. ಊರಿಗೆಲ್ಲ ಉಪ್ಪು ತರ್ತೇನಿ, ಮಂದಿಗಿ ಹೇಳು," ಎಂದು ಹೊಳೆ ದಾಟಿದರು.

ಖಂಡಪ್ಪ ತಲೆ ಎತ್ತಲಿಲ್ಲ. "ಈಗ ಹೊಸಾ ಊರು ಸೇರಬೇಕಂದ್ರ ಮೂರೂರೂ ಹೂಂ ಅನಬೇಕ್ರಿ. ದೌಲತರಾಯರು ಒಲ್ಲೆ ಅಂತಾರ. ಬರೂ ಉಪ್ಪು ನಮಗೇ ಸಾಲವಲ್ದು." ಒಳಗೆ ಹೋಗಿ ಎರಡು ಸೇರಿನ ಗಂಟು ತಂದು ಗೌಡರ ಕೈಗಿಟ್ಟ. "ಬೀಗ್ರಂತ ನಿಮ್ಮ ಮನಿಗಷ್ಟ ಕೊಟ್ಟೇನಿ. ಯಾರ ಮುಂದೂ ಅನಬ್ಯಾಡ್ರಿ."

ಬೇಡ ಅನ್ನಬೇಕಿತ್ತು. ಮಠದ ಕಟ್ಟೆಯ ಮೇಲೆ ಅಷ್ಟು ಸಲೀಸಾಗಿ ಬೇಡ ಅಂದ ಗೌಡರು, ಮೂರು ತಿಂಗಳು ಸಪ್ಪೆ ಉಂಡ ಮೇಲೆ, ಗಂಟನ್ನು ಕಂಬಳಿಯೊಳಗೆ ಸೇರಿಸಿಕೊಂಡರು. ಆ ನಾಚಿಕೆ ಅವರನ್ನು ಸಾಯುವತನಕ ಬಿಡಲಿಲ್ಲ.

ಈಚೆ ದಂಡೆಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ಊರ ಮಂದಿ ಗಡಿಗೆ ಹಿಡಿದು ನಿಂತಿದ್ದರು. ಮಲ್ಲಣ್ಣ ತನ್ನ ಗಡಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ನೀರಿಗಿಳಿದು ಹರಗೋಲು ಹಿಡಿದ.

"ಏನಂದ್ರರಿ ಗೌಡ್ರ?"

"ಆಗಲಿಲ್ಲೋ. ತಪ್ಪು ನಂದೇ."

ದಂಡೆಯ ಕೆಸರಿನಲ್ಲಿ ಗೌಡರ ಕಾಲು ಜಾರಿತು. "ಭಾರ ಇಲ್ಲಿ ತರ್ರಿ," ಎಂದು ಮಲ್ಲಣ್ಣ ಕಂಬಳಿಯೊಳಗಿನ ಗಂಟನ್ನು ತಾನೇ ಎತ್ತಿಕೊಂಡ. ಹಿರಿಯರ ಕೈಯ ಭಾರ ಕಿರಿಯರು ಹೊರುವುದು ಅಲ್ಲಿಯ ರೂಢಿ. ಬೆರಳಿಗೆ ಹರಳು ಸಿಕ್ಕಿರಬೇಕು. ಒಂದು ಗಳಿಗೆ ನಿಂತ. ಆಮೇಲೆ ಗಡಿಗೆಯವರ ನಡುವಿನಿಂದ ಯಾರತ್ತಲೂ ನೋಡದೆ ನಡೆದ. ಗೌಡರು ಹಿಂದೆ ಹಿಂದೆ ಬಂದರು.

ಗೌಡರ ಮನೆಯ ಬಾಗಿಲಲ್ಲಿ ಅವನು ಗಂಟನ್ನು ಕಸ್ತೂರಿಬಾಯಿಯ ಕೈಗೆ ಕೊಟ್ಟ.

"ಉಪ್ಪದರಿ ಅವ್ವಾರ. ತೊಯ್ಯದಂಗ ಇಡ್ರಿ," ಎಂದು, ತನ್ನ ಖಾಲಿ ಗಡಿಗೆಯನ್ನು ಬೋರಲು ಹಿಡಿದು ಮಳೆಗೆ ಇಳಿದ.